ಎಡಕ್ಕೆ ತಿರುಗದ ಕಾರು

"ಗುರುಗಳೇ, ಈ ಮಠಕ್ಕೆ ಬಂದ ಮೇಲೆ ನನಗೆ ಒಮ್ಮೆಯೂ ಕೋಪ ಬಂದಿಲ್ಲ. ಕೋಪವನ್ನು ಗೆದ್ದೆನೆಂದು ಹೇಳಬಹುದೇ?" ಎಂದು ಶಂಭುಲಿಂಗ ಕೇಳಿದ.

ಮನೆಯಲ್ಲಿದ್ದಾಗ ಅವನಿಗೆ ಅಣ್ಣನ ಮುಖ ಕಂಡರೆ ಸಾಕು, ಸಿಟ್ಟು ನೆತ್ತಿಗೇರುತ್ತಿತ್ತು. ಒಮ್ಮೆ ಅಣ್ಣನ ಮೇಲೆ ಕುಡುಗೋಲು ಎತ್ತಿದ್ದೂ ಉಂಟು. ಮತ್ತೆಲ್ಲಿ ಕೈ ಮೀರುತ್ತದೋ ಎಂಬ ಭಯಕ್ಕೇ ಮನೆ ಬಿಟ್ಟು ಬಂದವನು. ಮಠದ ಶಿಷ್ಯರು ಸರದಿಯ ಮೇಲೆ ಸುತ್ತಲಿನ ಊರುಗಳಿಗೆ ಭಿಕ್ಷೆಗೆ ಹೋಗುವುದು ಪದ್ಧತಿ. ಅಣ್ಣನ ಊರಿನ ಸರದಿ ಬಂದಾಗಲೆಲ್ಲ ಶಂಭುಲಿಂಗ ಜೋಳಿಗೆಯನ್ನು ಜೊತೆಯವನ ಹೆಗಲಿಗೆ ಹಾಕಿ, ತಾನು ಬಾವಿಯ ಕಡೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ. ಗುರುಗಳು ಅದನ್ನು ಕಂಡಿದ್ದರು, ಏಕೆಂದು ಕೇಳಿರಲಿಲ್ಲ.

ಈಗಲೂ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಾಡಿಗೆ ಕಾರಿನವನಿದ್ದ. ಕೈ ಶುದ್ಧ, ಮಾತು ಮೆದು, ದೈವಭಕ್ತ. ಒಂದು ದಿನ ಅವನು ಸ್ಟೀರಿಂಗ್ ತಿರುಗಿಸುವಾಗ ಕೆಳಗಿನಿಂದ 'ಕಟಕ್' ಎಂದು ಸದ್ದು ಬಂತು. ಊರ ಹೊರಗಿನ ಬಯಲಿಗೆ ಕಾರು ಒಯ್ದು ಪರೀಕ್ಷೆ ಮಾಡಿದ. ನಿಂತಲ್ಲೇ ತಿರುಗಿಸಿದ, ಸದ್ದಿಲ್ಲ. ನೇರ ಓಡಿಸಿದ, ಸದ್ದಿಲ್ಲ. ಓಡುತ್ತಿರುವಾಗ ಬಲಕ್ಕೆ ಪೂರ್ತಿ ತಿರುಗಿಸಿದ, ಆಗಲೂ ಇಲ್ಲ. ಎಡಕ್ಕೆ ಪೂರ್ತಿ ತಿರುಗಿಸಿದ ಕೂಡಲೇ 'ಕಟಕ್'.

ಗ್ಯಾರೇಜಿಗೆ ಹೋಗಿ ಹೇಳಿದ. ಅಲ್ಲಿನವನು, "ಸದ್ದು ಯಾವಾಗ ಬರುತ್ತೆ ಅಂತ ಹೇಳಿದ್ರಿ. ಯಾಕೆ ಬರುತ್ತೆ ಅಂತ ಬಿಚ್ಚಿ ನೋಡದೆ ಹೇಳೋಕಾಗಲ್ಲ. ಗಾಡಿ ಬಿಟ್ಟು ಹೋಗಿ" ಎಂದ. ಬಿಚ್ಚುವುದೆಂದರೆ ಇವನಿಗೆ ಭಯ. ಒಳಗೆ ಏನು ಸವೆದಿದೆಯೋ, ಏನು ಕಾಣಬೇಕಾಗುತ್ತದೋ! "ಮದುವೆ ಸೀಸನ್ ಮುಗೀಲಿ, ತರ್ತೀನಿ" ಎಂದು ಹೇಳಿ ಬಂದುಬಿಟ್ಟ.

ಅಂದಿನಿಂದ ಅವನು ಎಡಕ್ಕೆ ತಿರುಗುವುದನ್ನೇ ಬಿಟ್ಟ. ಎಡಕ್ಕೆ ಹೋಗಬೇಕಾದಾಗ ಮುಂದೆ ಹೋಗಿ, ಬಲಕ್ಕೆ ತಿರುಗಿ, ಮತ್ತೆ ಬಲಕ್ಕೆ, ಇನ್ನೊಮ್ಮೆ ಬಲಕ್ಕೆ ಸುತ್ತಿ ಅದೇ ದಾರಿ ಹಿಡಿಯುತ್ತಿದ್ದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡವನ ಜಾಣತನ ಅದು. ಕಾರಿನಲ್ಲಿ ಕುಳಿತವರು ಇದೇನೆಂದು ಕೇಳಿದರೆ, "ಪ್ರದಕ್ಷಿಣೆ ಸ್ವಾಮಿ. ದೇವರನ್ನ ಯಾರಾದ್ರೂ ಎಡಕ್ಕೆ ಸುತ್ತುತ್ತಾರಾ?" ಎನ್ನುತ್ತಿದ್ದ.

ನೆವಕ್ಕೆ ಹೇಳಿದ ಮಾತು ಹೇಳುತ್ತ ಹೇಳುತ್ತ ಅವನಿಗೇ ನಿಜವಾಯಿತು. ಊರವರೂ ನಂಬಿದರು. ಬಲಕ್ಕೇ ಸುತ್ತಿ ಬರುವ ಕಾರು ಶುಭವೆಂದು, ಮದುಮಗಳನ್ನು ಕರೆತರಲು ಅದೇ ಬೇಕೆಂದು ಹಟ ಹಿಡಿದರು. ಸದ್ದು ಮತ್ತೆ ಕೇಳಲಿಲ್ಲವಾದ್ದರಿಂದ ಕಾರು ತಾನಾಗಿಯೇ ಸರಿಹೋಯಿತೆಂದು ಅವನು ತಿಳಿದ. ಆಯುಧಪೂಜೆಯ ದಿನ ಬಗ್ಗಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟ. ಅಷ್ಟು ಬಗ್ಗಿದವನು ಇನ್ನೊಂದು ಗೇಣು ಒಳಗೆ ಕಣ್ಣು ಹಾಯಿಸಲಿಲ್ಲ.

ಹೆರಿಗೆಗೆಂದು ತವರಿಗೆ ಬಂದಿದ್ದ ಅವನ ಮಗಳಿಗೆ ಒಂದು ಮಧ್ಯಾಹ್ನ ನೋವು ಕಾಣಿಸಿಕೊಂಡಿತು. ಹೆಂಡತಿಯನ್ನೂ ಮಗಳನ್ನೂ ಹಿಂದೆ ಕೂರಿಸಿ ಹೊರಟ. ಆಸ್ಪತ್ರೆಗೆ ಅವನು ಸದಾ ಸುತ್ತಿಕೊಂಡು ಹೋಗುತ್ತಿದ್ದ ದಾರಿಯನ್ನು ನೀರಿನ ಪೈಪಿಗೆಂದು ಅಗೆದಿದ್ದರು. ಉಳಿದದ್ದು ಕೆರೆ ಏರಿಯ ದಾರಿ ಒಂದೇ. ಏರಿಯ ಕೊನೆಯಲ್ಲಿ ಎಡಕ್ಕೆ ಕಡಿದಾದ ತಿರುವು. ಎದುರಿಗೂ ಬಲಕ್ಕೂ ತುಂಬಿದ ಕೆರೆ.

ಕಾರು ಏರಿ ಹತ್ತಿತು. "ಬೇಗ ಅಪ್ಪಾ, ತಡೆಯೋಕಾಗಲ್ಲ" ಎಂದು ಮಗಳು ನರಳಿದಳು. ಬೇಗ ಹೋದರೆ ತಿರುವೂ ಬೇಗ ಬರುತ್ತದೆ. ನಿಧಾನ ಮಾಡಿದರೆ ಮಗಳು ಉಳಿಯುವುದಿಲ್ಲ. ಎರಡೂ ಅವನಿಗೆ ಗೊತ್ತಿತ್ತು. ತಿರುವು ಬಂತು. ದೇವರ ಹೆಸರು ಹೇಳಿ ಎಡಕ್ಕೆ ಎಳೆದ. 'ಕಟಕ್' ಎಂದಿತು.

"ಏನಪ್ಪಾ ಅದು ಸದ್ದು?"

"ಏನಿಲ್ಲಮ್ಮಾ, ಏನಿಲ್ಲ."

ಇನ್ನಷ್ಟು ಎಳೆದ. ಒಳಗೆ ಏನೋ ಮುರಿಯಿತು. ಸ್ಟೀರಿಂಗ್ ಅವನ ಕೈಯಲ್ಲಿತ್ತು, ಚಕ್ರ ಅವನ ಕೈಯಲ್ಲಿರಲಿಲ್ಲ. ಬ್ರೇಕಿನ ಮೇಲೆ ಮೈಭಾರವನ್ನೆಲ್ಲ ಹಾಕಿದ. ಕಾರು ಮೂತಿ ಕೆಳಗೆ ಹಾಕಿ, ನೆಲ ಕೆರೆಯುತ್ತ ನೀರಿನ ಕಡೆಗೇ ಸಾಗಿ, ಏರಿಯ ಅಂಚಿನ ಕಲ್ಲಿಗೆ ಬಡಿದು ನಿಂತಿತು.

ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಓಡಿಬಂದರು. ಮಗಳನ್ನು ಎತ್ತಿ ಬೇವಿನ ಮರದ ಕೆಳಗೆ ಮಲಗಿಸಿ, ಸುತ್ತ ಒದ್ದೆ ಸೀರೆಗಳನ್ನು ಅಡ್ಡ ಹಿಡಿದರು. ಅವನು ಸೀರೆಗಳ ಆಚೆ ಬೆನ್ನು ಮಾಡಿ ನಿಂತ. ಮಗಳ ಕೂಗು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು. ಕೊನೆಗೆ ಮಗುವಿನ ಅಳು ಕೇಳಿಸಿತು. ತಾಯಿ ಮಗು ಇಬ್ಬರೂ ಉಳಿದರು. ದೇವರು ದೊಡ್ಡವನು, ಅವತ್ತಿನ ಮಟ್ಟಿಗೆ ಆ ಹೆಂಗಸರು ದೇವರಿಗಿಂತಲೂ ದೊಡ್ಡವರು.

ಹತ್ತಿರ ಬಂದ ತಂದೆಯ ಮುಖವನ್ನು ನೋಡಿ ಮಗಳು ಒಂದೇ ಮಾತು ಕೇಳಿದಳು: "ಅಪ್ಪಾ, ಆ ಸದ್ದು ನಿಂಗೆ ಮೊದಲೇ ಗೊತ್ತಿತ್ತಾ?"

ಅವನು ಮಗುವನ್ನು ಎತ್ತಿಕೊಳ್ಳಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಕತೆ ಅಲ್ಲಿಗೆ ನಿಂತಿತು. ಶಂಭುಲಿಂಗನಿಗೆ ತಡೆಯಲಾಗಲಿಲ್ಲ. "ಎಂಥ ಮನುಷ್ಯ, ಗುರುಗಳೇ! ಗೊತ್ತಿದ್ದೂ ಬಿಚ್ಚಿ ನೋಡಲಿಲ್ಲವಲ್ಲ!" ಎಂದ.

ಗುರುಗಳು ಎದ್ದು ಗೋಡೆಯ ಗೂಟದಿಂದ ಜೋಳಿಗೆಯನ್ನು ತೆಗೆದು ಅವನ ಮುಂದೆ ಇಟ್ಟರು.

"ನಾಳೆ ನಿನ್ನ ಅಣ್ಣನ ಊರಿನ ಸರದಿ, ಯಾರು ಹೋಗುತ್ತಾರೆ?"