ಸೊನ್ನೆ ಬರೆದ ದುಭಾಷಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ, ಆಶ್ರಮದಲ್ಲಿ ಒಬ್ಬ ಅಜ್ಜ. ಹೆಸರು ನಿರ್ವಾಣಯ್ಯ. ಹೆಸರು ಹಿಡಿದು ಕರೆಯುವ ವಯಸ್ಸಿನವರು ಯಾರೂ ಉಳಿದಿರಲಿಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಅಜ್ಜಾರು.

ಆಷಾಢದ ಒಂದು ಬೆಳಿಗ್ಗೆ ಚನ್ನವೀರ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಇದೇ ಆಶ್ರಮದ ಅನ್ನ ಉಂಡು, ಇದೇ ಪಡಸಾಲೆಯಲ್ಲಿ ಮಲಗಿ ಓದಿದವನು. ಈಗ ಜಿಲ್ಲಾ ಊರಿನಲ್ಲಿ ಸ್ವಂತ ಕಚೇರಿ, ಕೈಕೆಳಗೆ ಹನ್ನೊಂದು ಮಂದಿ. ಹದಿನಾರು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ನೆಟ್ಟಗಿದ್ದಾಗ ಮರೆಯುವುದು, ಕೆಟ್ಟಾಗ ನೆನೆಯುವುದು ಲೋಕರೂಢಿ. ಅಜ್ಜಾರು ಆ ಮಾತು ಎತ್ತಲಿಲ್ಲ.

"ಯಾಕ ಬಂದಿ ತಮ್ಮಾ?"

"ಮನಸ್ಸಿಗೆ ನೆಮ್ಮದಿ ಇಲ್ರಿ ಅಜ್ಜಾರ."

"ಎಷ್ಟ ದಿನ ಇರಾಂವ?"

"ಒಂಬತ್ತ ದಿನ್ರಿ."

ಅಜ್ಜಾರು ಅವನ ಮುಖ ನೋಡಿದರು. "ನೆಮ್ಮದಿ ಬರೂ ತಾರೀಖು ಗೊತ್ತಿದ್ದವರನ್ನ ನಾ ಇವತ್ತ ನೋಡಿದ್ನೆಪಾ. ಇರು, ಇರು."

ಚನ್ನವೀರ ತಲೆ ತಗ್ಗಿಸಿದ. ನಾಚಿಕೆ ಆಯಿತು. ಆದರೆ ಎದ್ದು ಹೋಗುವಷ್ಟು ಆಗಲಿಲ್ಲ.

ಅವನಿಗೆ ಒಂದು ಕೆಲಸ ಸಿಕ್ಕಿತು. ಆ ಆಶ್ರಮದಲ್ಲಿ ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಒಬ್ಬರು ಬಾಗಿಲಾಚೆ ನಿಂತು ಮೂರು ಸಲ ಕೂಗಬೇಕು. ಉಣ್ಣದವರು ಯಾರೂ ಉಳಿದಿಲ್ಲ ಎಂದು ಗೊತ್ತಾದ ಮೇಲೆಯೇ ಅಜ್ಜಾರ ತುತ್ತು. ಅದು ಅವರ ಗುರುವಿನ ಕಾಲದಿಂದ ಬಂದ ಪದ್ಧತಿ.

ಚನ್ನವೀರ ಹೋಗಿ ಕೂಗಿದ. "ಹಸದವರು ಯಾರಾರ ಅದೀರೇನ್ರೀ? ಉಣ್ಣಾಕ ಬರ್ರಿ!"

ಮೂರು ಸಲ ಕೂಗಿ ಬಂದ. "ಯಾರೂ ಇಲ್ರಿ ಅಜ್ಜಾರ."

"ನೋಡಿ ಬಂದಿಯೇನು?"

"ಕೂಗಿದ್ನಿರಿ. ಯಾರೂ ಓ ಅನ್ನಲಿಲ್ಲ."

"ಓ ಅನ್ನಲಿಲ್ಲ ಅಂತ ಹೇಳು. ಯಾರೂ ಇಲ್ಲ ಅಂತ ಯಾಕ ಹೇಳತಿ?"

ಚನ್ನವೀರ ಮತ್ತೆ ಹೋದ. ಗೋಡೆ ಸುತ್ತಿ, ದನದ ಕೊಟ್ಟಿಗೆ ಹಣಿಕಿ, ಹೊಳೆಯ ಮೆಟ್ಟಿಲ ತನಕ ಇಳಿದು ಬಂದ. ಯಾರೂ ಇರಲಿಲ್ಲ. ಆಮೇಲೆ ಅಜ್ಜಾರು ಉಂಡರು.

ಮರುದಿನ ರೊಟ್ಟಿ ಮುರಿಯುತ್ತ ಅಜ್ಜಾರು ಕೇಳಿದರು, "ನೀ ಮಾಡೂ ಕೆಲಸ ಏನು?"

"ಎರಡು ಕಂಪ್ಯೂಟರ್ ವ್ಯವಸ್ಥೆ ಒಂದಕ್ಕೊಂದು ಮಾತಾಡೂ ಹಂಗ ಮಾಡತೀನ್ರಿ. ವೆಬ್ ಸರ್ವೀಸ್ ಅಂತಾರ."

"ಅವಕ್ಕ ಬಾಯಿ ಐತೇನು?"

"ಐತ್ರಿ. ಆದ್ರ ಒಂದರ ಮಾತು ಇನ್ನೊಂದಕ್ಕ ತಿಳಿಯಂಗಿಲ್ಲ. ಮ್ಯಾಲಿನ ಡ್ಯಾಮಿಂದು ಹಳೇ ಪದ್ಧತಿ. ಒಂದ ಮಾತು ಹೇಳಾಕೂ ಉದ್ದನ ಕಾಗದ, ಲಕೋಟೆ, ಮೊಹರು. ಕೆಳಗ ಎಚ್ಚರಿಕೆ ಕಚೇರಿ ಐತಲ್ರಿ, ಅದರದು ಹೊಸಾದು. ಸಣ್ಣ ಚೀಟಿ, ಐದ ಅಂಕಣ. ಒಂದ ಅಕ್ಷರ ಹೆಚ್ಚಾದ್ರೂ ವಾಪಸ್, ಕಡಿಮ್ಯಾದ್ರೂ ವಾಪಸ್."

"ನೀ ಏನ ಮಾಡತಿ?"

"ನಡುವ ಕುಂತು ಲಕೋಟೆ ಒಡದು, ಚೀಟಿ ಬರದು ಆ ಕಡೆ ಕೊಡತೀನ್ರಿ. ನಾ ಅಂದ್ರ, ನಾ ಮಾಡಿದ ಪ್ರೋಗ್ರಾಮು."

"ದುಭಾಷಿ."

"ಹೌದ್ರಿ."

ಹೇಳುವಾಗ ಅವನ ದನಿಯಲ್ಲಿ ಹಳೆಯ ಹೆಮ್ಮೆ ಇಣುಕಿತು. ಇಣುಕಬೇಕಾದದ್ದೇ. ಅವನು ಬರುವ ತನಕ ಆ ಎರಡು ಕಚೇರಿಗಳದು ಎತ್ತು ಏರಿಗೆ, ಕೋಣ ನೀರಿಗೆ. ಮೂರು ಕಂಪನಿಗಳು ಕೈಚೆಲ್ಲಿದ ಕೆಲಸವನ್ನು ಅವನು ನಾಲ್ಕು ತಿಂಗಳಲ್ಲಿ ಮುಗಿಸಿದ್ದ. ಡ್ಯಾಮಿನ ಗೇಟು ಎತ್ತಿದ ಗಳಿಗೆಯಲ್ಲಿ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂದು ಕೆಳಗೆ ಗೊತ್ತಾಗಬೇಕು, ಹೊಳೆದಂಡೆಯ ಊರುಗಳಲ್ಲಿ ಸೈರನ್ ಕೂಗಬೇಕು. ಅಷ್ಟೇ ಕೆಲಸ.

ಉಳಿದದ್ದನ್ನು ಅವನು ಹೇಳಲಿಲ್ಲ. ಅಜ್ಜಾರೂ ಕೇಳಲಿಲ್ಲ.

ದಿನಗಳು ಹೋದವು. ಚನ್ನವೀರ ದಿನಾ ಕೂಗಿದ, ದಿನಾ ಸುತ್ತಿ ಬಂದ, ದಿನಾ ಯಾರೂ ಇರಲಿಲ್ಲ. ನಾಲ್ಕನೆಯ ದಿನಕ್ಕೆ ಅವನಿಗೆ ಬೇಸರ ಬಂತು. ಐದನೆಯ ದಿನಕ್ಕೆ ಸಿಟ್ಟು. ಮುದುಕರ ಹಟಕ್ಕೆ ಮದ್ದಿಲ್ಲ ಎಂದುಕೊಂಡ.

ಆರನೆಯ ದಿನ ಜಿಟಿಜಿಟಿ ಮಳೆ. ಅವನು ಬಾಗಿಲಲ್ಲೇ ನಿಂತು ಮೂರು ಸಲ ಕೂಗಿದ. ಸುತ್ತು ಹಾಕಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸೂರಿನಡಿ ನಿಂತ. ಒಳಗೆ ಬಂದ.

"ನೋಡಿ ಬಂದೆ. ಯಾರೂ ಇಲ್ರಿ ಅಜ್ಜಾರ."

ಅಜ್ಜಾರು ಉಂಡರು.

ಮೂರು ಗಂಟೆಯ ಹೊತ್ತಿಗೆ ಚನ್ನವೀರ ಪಾತ್ರೆ ತೊಳೆಯಲು ಹೊಳೆಗೆ ಇಳಿದ. ಬಟ್ಟೆ ಒಗೆಯುವ ಬಂಡೆಯ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ಸೆರಗು ತಲೆಯ ಮೇಲೆ, ತೊಡೆಯ ಮೇಲೊಂದು ಪ್ಲಾಸ್ಟಿಕ್ ಚೀಲ. ಪೂರ್ತಿ ತೊಯ್ದಿದ್ದಳು.

ಅವನು ಹತ್ತಿರ ಹೋದ. "ಯವ್ವಾ, ಯಾವಾಗ ಬಂದೀರಿ?"

"ಹೊತ್ತಾತಪಾ. ಬಸ್ಸು ಇಲ್ಲಿತನಾನ ಬಂತು."

"ನಾ ಕೂಗಿದ್ದು ಕೇಳಿಸಲಿಲ್ಲೇನು?"

"ಕೇಳಿಸ್ತು. ಓ ಅನ್ನಾಕ ಬಾಯಿ ಬರಲಿಲ್ಲ."

"ಯಾಕ್ರಿ?"

"ನನ್ನ ಗಂಡನ ಕೈಯಿಂದ ನಾಕು ಮಂದಿ ಸತ್ತಾರಂತ. ಅಂಥಾಕಿ ಯಾವ ಮಾರಿ ಹೊತ್ತು ಪಂಕ್ತ್ಯಾಗ ಕೂಡಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಗಾದೆ ಎಲ್ಲರಿಗೂ ಗೊತ್ತು. ಚನ್ನವೀರನ ಕೈಯಿಂದ ತಂಬಿಗೆಯೇ ಬಿತ್ತು.

ಅವಳನ್ನು ಅಜ್ಜಾರ ಮುಂದೆ ಕರೆತಂದ. ತಾನು ನೋಡಲು ಹೋಗಿರಲಿಲ್ಲ ಎಂದು ಹೇಳಬೇಕೆಂದುಕೊಂಡ, ಹೇಳಲಿಲ್ಲ. ಅಜ್ಜಾರು ಒದ್ದೆ ಸೀರೆ ನೋಡಿದರು, ತಮ್ಮ ಉಂಡ ಕೈ ನೋಡಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಮೊದಲ ಉಣ್ಣು ತಂಗಿ. ಆಮ್ಯಾಲೆ ಮಾತು."

ಅವಳು ನಾಲ್ಕು ತುತ್ತು ಉಂಡಳು. ಹೆಸರು ಗಾಳೆವ್ವ. ಗಂಡ ಯಮನೂರಪ್ಪ, ಮೇಲಿನ ಡ್ಯಾಮಿನಲ್ಲಿ ಗೇಟು ಎತ್ತುವವನು. ಈ ಸಲದ ಬೇಸಿಗೆಯಲ್ಲಿ ಕೆಳಗಿನ ಊರುಗಳಿಗೆ ಕುಡಿಯುವ ನೀರು ಬೇಕೆಂದು ಸಾಹೇಬರು ಹೇಳಿದರು, ಅವನು ಗೇಟು ಎತ್ತಿದ. ಬತ್ತಿದ ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬಳ್ಳಿ ಹಾಕಿದ್ದವರು ನಾಲ್ವರು ಅಲ್ಲೇ ಗುಡಿಸಲಲ್ಲಿ ಮಲಗಿದ್ದರು. ಮೋಡವಿಲ್ಲ, ಮಳೆಯಿಲ್ಲ, ಸೈರನ್ ಕೂಗಲಿಲ್ಲ. ನೀರು ಬಂತು.

"ಕಂಪ್ಯೂಟರಿನ್ಯಾಗ ಸೊನ್ನೆ ಬರದು ಕಳಿಸ್ಯಾನ ಅಂತಾರ್ರಿ. ನೀರ ಬಿಟ್ಟಿಲ್ಲ ಅಂತ ಸುಳ್ಳ ಬರದಾನಂತ." ಅವಳು ಚೀಲದಿಂದ ಆ ಸಂದೇಶ ಅಚ್ಚು ಹಾಕಿದ ಒಂದು ಕಾಗದ ತೆಗೆದಳು. ಮಡಿಕೆಯಲ್ಲಿ ಹರಿದಿತ್ತು. "ಅಂವ ಏನಂತಾನಂದ್ರ, ಮೀಟರ್ ಕೆಟ್ಟಿತ್ತು, ಎಷ್ಟ ನೀರು ಹೊಂಟೈತಿ ಅಂತ ನನಗ ಗೊತ್ತಿರಲಿಲ್ಲ, ಅದಕ್ಕ ಖಾಲಿ ಬಿಟ್ಟೆ, ಕೆಳಗ ಷರಾದಾಗ ಎಲ್ಲಾ ಬರದೀನಿ ಅಂತಾನ. ಇವರು ನೋಡಿದ್ರ ಸೊನ್ನೆ ತೋರಸ್ತಾರ. ಷರಾ ಇಲ್ಲ ಅಂತಾರ."

ಕಾಗದದ ಮೇಲಿನ ಸಂದೇಶದ ನಂಬರು ಚನ್ನವೀರನಿಗೆ ಓದದೆಯೇ ಗೊತ್ತಿತ್ತು.

"ನಿನಗ ಏನ ಅನಸ್ತೈತಿ ತಂಗಿ?" ಎಂದರು ಅಜ್ಜಾರು.

"ಇಪ್ಪತ್ತೆಂಟು ವರ್ಷ ಬಾಳೇವು ಮಾಡೀನ್ರಿ. ಅಂವ ಸುಳ್ಳ ಹೇಳಾಂವಲ್ಲ. ಆದ್ರ ಕಾಗದ ನೋಡಿ ನೋಡಿ ಈಗ ನನಗೂ ತಿಳೀವಲ್ದು. ಅವಗೂ ಹಂಗ ಆಗೈತಿ. ಮೊನ್ನೆ ಜೈಲಿನ್ಯಾಗ ಅಂದ, ಗಾಳಿ, ನಾನ ಕೈತಪ್ಪಿ ಸೊನ್ನೆ ಒತ್ತಿದ್ನೋ ಏನೋ ಅಂತ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪು ಒಪ್ಪಿಕೊಂಡ್ರ ಶಿಕ್ಷೆ ಕಡಿಮಿ ಅಂತ ವಕೀಲ ಹೇಳ್ಯಾನ್ರಿ. ಬರೂ ಸೋಮವಾರ ಒಪ್ಕೊಂತಾನ."

ಅವಳು ಸಂಜೆಯ ಬಸ್ಸಿಗೆ ಹೋದಳು. ಹೋಗುವಾಗ ಚನ್ನವೀರನ ತಲೆ ಸವರಿ, "ಕರದು ಉಣ್ಣಾಕ ಹಾಕಿದಿ, ಚಲೋ ಆಗಲೆಪಾ" ಅಂದಳು. ಆ ಕೈ ಅವನಿಗೆ ಕಾದ ಕಬ್ಬಿಣದ ಹಾಗೆ ತಗುಲಿತು.

ಅಜ್ಜಾರು ಜಗಲಿಯ ಮೇಲೆ ಕೂತಿದ್ದರು. ಚನ್ನವೀರ ಅವರ ಕಾಲ ಬಳಿ ಕುಸಿದು ಅಳತೊಡಗಿದ.

"ಇವತ್ತ ನಾ ನೋಡಾಕ ಹೋಗಿರಲಿಲ್ರಿ."

"ಗೊತ್ತೈತಿ. ಅದನ್ನ ಹೇಳಾಕ ಇಷ್ಟ ಅಳಬ್ಯಾಡ. ಮುಂದಿಂದು ಹೇಳು."

ಚನ್ನವೀರ ಹೇಳಿದ. "ಡ್ಯಾಮಿನವರು ಆಗಾಗ ನೀರಿನ ಅಂಕಣ ಖಾಲಿ ಬಿಡತಿದ್ರು. ಖಾಲಿ ಬಂದ್ರ ಕೆಳಗಿನ ಕಚೇರಿ ಚೀಟಿ ತಗೊಳ್ಳತಿರಲಿಲ್ಲ. ಉದ್ಘಾಟನೆ ಹತ್ತರ ಬಂದಿತ್ತು. ಪರದೆ ತುಂಬ ವಾಪಸ್ ಬಂದ ಚೀಟಿಗಳ ಕೆಂಪು ಗುರುತು."

"ಏನ ಮಾಡಿದಿ?"

"ಪ್ರೋಗ್ರಾಮಿನ್ಯಾಗ ಒಂದ ಸಾಲು ಬರದೆ. ಖಾಲಿ ಇದ್ರ ಸೊನ್ನೆ ಹಾಕು ಅಂತ."

"ಆಮ್ಯಾಲೆ?"

"ಎಲ್ಲಾ ಹಸರಾತ್ರಿ. ಶಾಲು ಹೊದಿಸಿದ್ರು."

"ಗೇಟಿನಾಂವ ಕೆಳಗ ಬರದಿದ್ದ ಮಾತು?"

"ಹೊಸಾ ಚೀಟ್ಯಾಗ ಅದಕ್ಕ ಅಂಕಣ ಇರಲಿಲ್ರಿ. ಬಿಟ್ಟೆ."

ಅಜ್ಜಾರು ಹೊಳೆಯ ಕಡೆ ನೋಡಿದರು. ಕೆಂಪು ನೀರು ದಂಡೆ ತುಂಬಿ ಹೋಗುತ್ತಿತ್ತು.

"ಗೊತ್ತಿಲ್ಲ ಅಂತ ಅಂವ ಹೇಳಿದ. ನೀರಿಲ್ಲ ಅಂತ ನೀ ಹೇಳಿದಿ."

"ಹೌದ್ರಿ."

"ಅಂವ ಬರದ ಕಾಗದ ಈಗ ಎಲ್ಲೈತಿ?"

"ಡ್ಯಾಮಿನ ಮಷಿನ್ನು ಮುಟ್ಟಿತು ಅಂತ ಉತ್ತರ ಬಂದ ಕೂಡಲೆ ತನ್ನ ಪ್ರತಿ ಅಳಸತೈತ್ರಿ. ಕೆಳಗಿನ ಕಚೇರ್ಯಾಗ ಇರೂದು ನನ್ನ ಚೀಟಿ. ಮೂಲ ಲಕೋಟೆ ನನ್ನ ಮಷಿನ್ನಾಗ ಒಂದ ಐತಿ."

"ಎಷ್ಟ ದಿನ ಇರತೈತಿ?"

ಉತ್ತರಕ್ಕೆ ಕಾಯದೆ ಅಜ್ಜಾರೇ ಅವನು ಬಂದ ದಿನದಿಂದ ಬೆರಳು ಮಡಚಿ ಎಣಿಸಿದರು.

"ಇನ್ನ ಮೂರ ದಿನ?"

"ಹೂಂ ರೀ. ತೊಂಬತ್ತ ದಿನಕ್ಕ ತಾನ ಅಳಸೂ ಹಂಗ ನಾನ ಇಟ್ಟಿದ್ದೆ. ಜಾಗ ಉಳೀಲಿ ಅಂತ."

ನೆಮ್ಮದಿಯ ತಾರೀಖು ಅದು. ಹೊಳೆಯಲ್ಲಿ ಹೆಣ ಸಿಕ್ಕ ವಾರವೇ ಅವನು ಆ ಲಕೋಟೆ ಒಡೆದು ಓದಿದ್ದ. ಯಾರಿಗೂ ಹೇಳಿರಲಿಲ್ಲ. ಅದು ತಾನಾಗಿ ಅಳಿಯುವ ತನಕ ಎಲ್ಲಾದರೂ ತಲೆಮರೆಸಿಕೊಂಡಿದ್ದರೆ ಸಾಕು, ಕೈಯಾರೆ ಅಳಿಸಿದ ಪಾಪವಾದರೂ ತಪ್ಪುತ್ತದೆ ಎಂದು ಲೆಕ್ಕ ಹಾಕಿದ್ದ.

"ಹನ್ನೊಂದು ಮಂದಿ ನನ್ನ ನಂಬ್ಯಾರ್ರಿ ಅಜ್ಜಾರ. ನಾ ಹೇಳಿದ್ರ ಒಳಗ ಹೋಗತೀನಿ."

"ಈಗ ಒಬ್ಬಾಂವ ಒಳಗ ಅದಾನ."

"ನಾ ಏನ ಮಾಡಲಿ?"

ಅಜ್ಜಾರು ಎದ್ದು ಒಳಗೆ ಹೋದರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಏಳನೆಯ ದಿನ ಚನ್ನವೀರ ಚೀಲ ಕಟ್ಟಿದ. ಕಟ್ಟಿದ ಚೀಲ ಪಕ್ಕದಲ್ಲಿಟ್ಟುಕೊಂಡು ಪಡಸಾಲೆಯಲ್ಲೇ ಕೂತ. ಬಸ್ಸು ಬಂತು, ಹೋಯಿತು.

ಎಂಟನೆಯ ದಿನ ಸೇತುವೆ ಮೇಲೆ ನೀರು ಬಂದಿದೆಯೆಂದು ಯಾರೋ ಹೇಳಿದರು. ಹೋಗದಿರಲು ಅವನಿಗೆ ಅಷ್ಟೇ ನೆಪ ಸಾಕಾಯಿತು. ನಿಜ ಹೇಳಬೇಕೆಂದರೆ ಅವನಿಗೆ ಬಸ್ಸೂ ಬೇಕಿರಲಿಲ್ಲ, ಸೇತುವೆಯೂ ಬೇಕಿರಲಿಲ್ಲ. ಲ್ಯಾಪ್‌ಟಾಪು ಚೀಲದಲ್ಲೇ ಇತ್ತು. ಅಳಿಸಬೇಡ ಎನ್ನಲು ಒಂದು ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಎರಡು ಸಲ ತೆರೆದ, ಎರಡು ಸಲ ಮುಚ್ಚಿದ. ಹೇಡಿಗೆ ದಾರಿ ಎಷ್ಟು ಹತ್ತಿರವಿದ್ದರೂ ದೂರವೇ.

ಒಂಬತ್ತನೆಯ ದಿನ ಮಧ್ಯಾಹ್ನ ಅವನು ಕೂಗಿದ. ಈ ಸಲ ಗೋಡೆ ಸುತ್ತಿದ, ಕೊಟ್ಟಿಗೆ ನೋಡಿದ, ಬಂಡೆಯ ಹಿಂದೆಯೂ ನೋಡಿದ. ಬಂದು ಹೇಳಿದ. ಅಜ್ಜಾರು ತಾವು ಕೂರುವ ಮೊದಲು ಅವನಿಗೆ ತಾವೇ ಬಡಿಸಿದರು. ಜೋಳದ ನುಚ್ಚು, ಮೇಲೆ ಮಜ್ಜಿಗೆ.

ಎರಡು ತುತ್ತು ಉಂಡಿರಬೇಕು, ಜೇಬಿನಲ್ಲಿ ಫೋನು ನಡುಗಿತು. ಎಡಗೈಯಿಂದ ತೆಗೆದು ನೋಡಿದ. ತೊಂಬತ್ತು ದಿನ ದಾಟಿದ ದಾಖಲೆಗಳನ್ನು ಅಳಿಸಲಾಗಿದೆ ಎಂದಿತ್ತು.

ಮೊದಲು ಅವನಿಗೆ ಆದದ್ದು ಸಮಾಧಾನ. ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಆಯಿತು, ಉಸಿರು ಪೂರ್ತಿ ಬಂತು. ಆ ಉಸಿರು ಬಂದದ್ದು ತಿಳಿದೊಡನೆ ಅವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು.

"ಹೋತ್ರಿ ಅಜ್ಜಾರ. ಯಮನೂರಪ್ಪ ಬರದದ್ದು ಇನ್ನ ಎಲ್ಲೂ ಇಲ್ಲ. ಇನ್ನ ಹೇಳಿದ್ರೂ ಯಾರು ನಂಬತಾರ?"

ಅಜ್ಜಾರು ಮಜ್ಜಿಗೆಯ ಚರಿಗೆ ಕೆಳಗಿಟ್ಟರು.

"ನೀ ಅದನ್ನ ಓದಿದ್ದಿ?"

"ಓದಿದ್ನಿರಿ."

"ನೆನಪೈತೇನು?"

ಚನ್ನವೀರ ಕಣ್ಣು ಮುಚ್ಚಿದ. ತಡವರಿಸದೆ ಬಂತು. "ಮೀಟರ್ ಕೆಟ್ಟಿದೆ. ಎರಡು ಗೇಟು ಪೂರ್ತಿ ಎತ್ತಿದ್ದೇನೆ. ನೀರು ಎಷ್ಟು ಹೋಗುತ್ತಿದೆ ಹೇಳಲಾರೆ, ಬಹಳ ಹೋಗುತ್ತಿದೆ. ಮರಳಿನಲ್ಲಿ ಇದ್ದವರನ್ನು ಎಬ್ಬಿಸಿರಿ."

ತುತ್ತು ಅವನ ಕೈಯಲ್ಲೇ ಇತ್ತು.

"ಹಂಗಾದ್ರ ಅದು ಎಲ್ಲೂ ಹೋಗಿಲ್ಲ ತಮ್ಮಾ," ಎಂದರು ಅಜ್ಜಾರು. "ಇಲ್ಲೇ ಕುಂತು ಉಣ್ಣಾಕತ್ತೈತಿ."