ಚಕ್ರದಡಿಯ ನಿಂಬೆಹಣ್ಣು

ಕಾವೇರಿಯ ದಡದ ಆ ಆಶ್ರಮದಲ್ಲಿ ಒಂದು ನಿಂಬೆಗಿಡವಿದೆ. ಭಗವಂತನ ದಯೆ, ಅದು ಯಾರನ್ನೂ ಬರಿಗೈಯಲ್ಲಿ ಕಳಿಸಿದ್ದಿಲ್ಲ.

ಆಯುಧಪೂಜೆ ಹತ್ತಿರ ಬಂದಿತ್ತು. ಶಿಷ್ಯ ವಿರೂಪಾಕ್ಷ ಬಂದು ಗುರುಗಳಿಗೆ ಅಡ್ಡಬಿದ್ದ. ಯುದ್ಧವಿಮಾನ ಕಟ್ಟುವ ತಂಡದ ಮುಖ್ಯಸ್ಥ ಅವನು. ಜೀಪು ಓಡಿಸಿಕೊಂಡು ಬಂದಿದ್ದ ಬೆಳ್ಯಪ್ಪ, ಆ ವಿಮಾನವನ್ನು ಮೊದಲ ಸಲ ಹಾರಿಸಬೇಕಾದ ಪೈಲಟ್.

“ಒಂದು ಹಣ್ಣು ಮಂತ್ರಿಸಿ ಕೊಡಿ, ಗುರುಗಳೇ. ಪೂಜೆಯ ದಿನ ವಿಮಾನದ ಚಕ್ರದಡಿ ಇಡಬೇಕು.”

“ಹೋದ ವರ್ಷವೂ ಒಯ್ದೆಯಲ್ಲ, ಮಗೂ. ಅದೇನಾಯಿತು?”

“ಒಣಗಿತು.”

“ಅದರ ಹಿಂದಿನದು?”

ವಿರೂಪಾಕ್ಷ ತಲೆ ತಗ್ಗಿಸಿದ. ಬೆಳ್ಯಪ್ಪನೇ ಹೇಳಿದ: “ಅದೂ ಒಣಗಿತು ಸ್ವಾಮಿ. ಇವರ ವಿಮಾನ ಹಾರಿಸೋಕೆ ಅಂತ ನಾನು ಬಂದಾಗ ಈ ಮೀಸೆ ಕಪ್ಪಗಿತ್ತು.”

ಗುರುಗಳು ನಕ್ಕುಬಿಟ್ಟರು. ಆಮೇಲೆ ವಿರೂಪಾಕ್ಷನನ್ನು ಕೇಳಿದರು, “ಯಾಕೆ ಹಾರಲಿಲ್ಲ?”

“ಹಾರುವ ಹೊತ್ತಿಗೆ ಹೊಸ ರೇಡಾರ್ ಬಂತು. ಕೂರಿಸಿದೆವು, ಮೂತಿ ಭಾರವಾಯಿತು. ಸರಿದೂಗಲಿ ಅಂತ ಬಾಲದಲ್ಲಿ ಸೀಸದ ತುಂಡು ಇಟ್ಟೆವು. ಆಗ ಇಂಜಿನ್ ಸಾಲದಾಯಿತು. ದೊಡ್ಡ ಇಂಜಿನ್ ತಂದರೆ ಇಂಧನ ಹೆಚ್ಚು ಬೇಕು, ಟ್ಯಾಂಕ್ ದೊಡ್ಡದಾಗಬೇಕು, ಮತ್ತೆ ಭಾರ. ಮೊದಲು ಹೇಳಿದ ಖರ್ಚಿನ ಮೂರರಷ್ಟಾಗಿದೆ. ಈ ವರ್ಷವೂ ನೆಲ ಬಿಡದಿದ್ದರೆ ಮುಚ್ಚಿಬಿಡುತ್ತೇವೆ ಅಂತ ದೆಹಲಿಯವರು ಹೇಳಿದ್ದಾರೆ.”

“ಆ ಸೀಸ ಏನು ಕೆಲಸ ಮಾಡುತ್ತದೆ?”

“ಏನೂ ಇಲ್ಲ. ಸುಮ್ಮನೆ ಭಾರ.”

“ರೇಡಾರನ್ನೂ ಸೀಸವನ್ನೂ ಇಳಿಸಿದರೆ?”

“ಹಳೆಯ ಇಂಜಿನ್ನಿನಲ್ಲೇ ಹಾರುತ್ತದೆ. ಅದರ ಪರೀಕ್ಷೆಗಳೆಲ್ಲ ಎಂದೋ ಮುಗಿದಿವೆ. ಆದರೆ ಅದು ಯುದ್ಧಕ್ಕೆ ಬಾರದು, ಗುರುಗಳೇ. ಇಷ್ಟು ವರ್ಷ ಕಟ್ಟಿದ್ದು ಇದನ್ನೇನಾ ಅಂತ ನಗುತ್ತಾರೆ. ಇನ್ನೊಂದು ವರ್ಷ ಬೇಡಿಕೊಂಡು, ಏನೂ ಕೊರತೆಯಿಲ್ಲದ ವಿಮಾನವನ್ನೇ ಹಾರಿಸಬೇಕು ಅಂತ ನನ್ನಾಸೆ.”

ನದಿಯ ಮೇಲೆ ಬೆಳ್ಳಕ್ಕಿಗಳ ಸಾಲು ಹೋಯಿತು. ಅದು ಕಣ್ಮರೆಯಾಗುವ ತನಕ ಬೆಳ್ಯಪ್ಪ ಕತ್ತೆತ್ತಿಯೇ ಇದ್ದ.

ವಿರೂಪಾಕ್ಷ ತಗ್ಗಿದ ದನಿಯಲ್ಲಿ ಹೇಳಿದ: “ದಿನಾ ಸಂಜೆ ಇವನು ವಿಮಾನದೊಳಗೆ ಹೋಗಿ ಸುಮ್ಮನೆ ಕೂರುತ್ತಾನೆ. ಅಲ್ಲಿಂದ ಹ್ಯಾಂಗರಿನ ಬಾಗಿಲಿನಷ್ಟು ಆಕಾಶ ಕಾಣುತ್ತದೆ. ನಾನು ಕೆಳಗೆ ನಿಂತಿರುತ್ತೇನೆ. ಅದು ಏಳುವುದನ್ನು ಒಂದೇ ಒಂದು ಸಲ ನೋಡಬೇಕು, ಗುರುಗಳೇ. ಕಣ್ಣು ಮುಚ್ಚಿದರೆ ಅದೇ.”

ಗುರುಗಳು ಎದ್ದು ಗಿಡದಿಂದ ಒಂದು ಹಣ್ಣು ಕಿತ್ತರು. ಕಣ್ಣಿಗೊತ್ತಿಕೊಂಡು ದೇವರನ್ನು ನೆನೆದರು. ವಿರೂಪಾಕ್ಷ ಕೈಚಾಚಿದ.

ಅವರು ಅವನನ್ನು ದಾಟಿಕೊಂಡು ಹೋಗಿ, ಜೀಪಿನ ಮುಂದಿನ ಚಕ್ರದಡಿ ಹಣ್ಣಿಟ್ಟರು.

“ಅಪ್ಪಾ ಬೆಳ್ಯಪ್ಪ, ಹೊರಡಿಸು.”

ಜೀಪು ಒಂದು ಮಾರು ಮುಂದೆ ಹೋಯಿತು. ಹಣ್ಣು ಒಡೆದು ಘಮ್ಮೆಂದಿತು.

“ಅಯ್ಯೋ, ಅದು ವಿಮಾನಕ್ಕೆ ಕೇಳಿದ್ದು!”

“ಉರುಳುವ ಚಕ್ರ ಇದೊಂದೇ ಕಂಡಿತು, ಮಗೂ.”

ವಿರೂಪಾಕ್ಷ ನೆಲದ ಮೇಲಿನ ಆ ಒದ್ದೆಯನ್ನೇ ನೋಡುತ್ತ ನಿಂತ. ಗಾಳಿಯಲ್ಲಿ ಇನ್ನೂ ಆ ವಾಸನೆಯಿತ್ತು.

“ಬೆಳ್ಯಪ್ಪ,” ಎಂದ ಕೊನೆಗೆ, “ಬರೀ ಹಾರುವ ವಿಮಾನ ಕೊಟ್ಟರೆ ಹತ್ತುತ್ತೀಯಾ?”

“ಬೇರೇನು ಕೇಳಿದ್ದೆ ಸಾರ್ ನಾನು?” ಎಂದ ಬೆಳ್ಯಪ್ಪ. ಅವನ ಮೀಸೆ ಅದುರುತ್ತಿತ್ತು.

ವಿರೂಪಾಕ್ಷ ಗುರುಗಳ ಪಾದ ಮುಟ್ಟಿದ. “ರೇಡಾರನ್ನೂ ಸೀಸವನ್ನೂ ಇಳಿಸುತ್ತೇನೆ. ಇನ್ನೊಂದು ಹಣ್ಣು ಕೊಡುತ್ತೀರಾ?”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಹಾರುವ ದಿನ ಬೆಳಿಗ್ಗೆ ಬಾ. ಅಲ್ಲಿಯತನಕ ಅದು ಗಿಡದಲ್ಲೇ ಇರಲಿ.”