ರೀಸೆಟ್ ಗುಂಡಿಯ ಕುಂಕುಮ

ಟೈಪಿಂಗ್ ಕಲಿಸಿದ ರುಕ್ಸಾನಾ ಮೇಡಂ ನನಗೆ ಮೊದಲು ಹೇಳಿದ ಕತೆ ಇದು. ದಾವಣಗೆರೆಯ ಲಾರಿ ಆಫೀಸೊಂದರಲ್ಲಿ ಒಬ್ಬ ಗುಮಾಸ್ತೆ ಇದ್ದಳಂತೆ. ಕಪ್ಪು ತೆರೆಯ ಮೇಲೆ ಹಸಿರು ಅಕ್ಷರ ಮಿನುಗಿಸುವ ಹಳೇ ಕಂಪ್ಯೂಟರಿಗೆ ಅವಳ ಬೆರಳು ಒಗ್ಗಿಹೋಗಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಗುಡುಗಿದರು: "ನನ್ನದು ಹೊಸ ಆಪರೇಟಿಂಗ್ ಸಿಸ್ಟಮ್ ಕಣಮ್ಮ, ಬಂಡೆ ಇದ್ದಂಗೆ. ನಿನ್ನ ಡಬ್ಬ ಸಂಜೆ ಗುಜರಿಗೆ!"

"ಆಗಲಿ ಸಾರ್. ಕೊನೇ ಪೂಜೆ ಮಾಡ್ತೀನಿ."

ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ತನ್ನದು, ಸಾಹೇಬರದು, ಎರಡೂ ಕಂಪ್ಯೂಟರುಗಳ ರೀಸೆಟ್ ಗುಂಡಿಗೇ ಇಟ್ಟಳು. ಯಂತ್ರ ಮಿಸುಕದೆ ನಿಂತುಬಿಟ್ಟಾಗ ಮಾತ್ರ ಒತ್ತುವ ಗುಂಡಿ ಅದು. ಆಮೇಲೆ ಇಬ್ಬರೂ ದಿನವಿಡೀ ಕೆಲಸ ಮಾಡಿದರು.

ಸಂಜೆ ಗುಜರಿಯವನು ಬಂದು ನಿಂತ.

"ಸಾರ್, ಇವತ್ತು ನಿಮ್ಮದು ಎಲ್ಲೂ ನಿಲ್ಲಲಿಲ್ವಾ?" ಎಂದು ಅವಳು ಕೇಳಿದಳು.

"ಒಂದು ಸಲಾನೂ ಇಲ್ಲ!" ಎಂದು ಸಾಹೇಬರು ಹಣೆಯ ಬೆವರು ಒರೆಸಿಕೊಂಡರು.

"ಹಂಗಾದ್ರೆ ಹಣೆಗೆ ಕುಂಕುಮ ಯಾರಿಟ್ರು ಸಾರ್?"

ಸಾಹೇಬರು ತಮ್ಮ ಬೆರಳು ನೋಡಿಕೊಂಡರು. ಕೆಂಪಗಿತ್ತು. ಅವಳ ಗುಂಡಿಯ ಬೊಟ್ಟು ಮಾತ್ರ ಇಟ್ಟ ಹಾಗೇ ಇತ್ತು. ಗುಜರಿಯವನೇ ಮೊದಲು ನಕ್ಕ.

"ಇರಲಿ ಬಿಡಮ್ಮ, ನಿನ್ನ ಡಬ್ಬಾನೂ ಒಂದು ಮೂಲೇಲಿ," ಎನ್ನುತ್ತ ಸಾಹೇಬರು ಕರವಸ್ತ್ರ ಹುಡುಕಿದರು.

ಆ ಹಸಿರು ಅಕ್ಷರಗಳು ಆಮೇಲೂ ಎಷ್ಟೋ ವರ್ಷ ಮಿನುಗಿದವಂತೆ. ಈಗ ಆ ತೆರೆಯೂ ಇಲ್ಲ, ಆ ಗುಂಡಿಯೂ ಇಲ್ಲ. ನಿಮ್ಮ ಕಂಪ್ಯೂಟರ್ ನಿಂತುಹೋಗಿ ಸುಮ್ಮನೆ ಕಾಯುವಾಗ ಪಕ್ಕದವರಿಗೆ ಈ ಕತೆ ಹೇಳಿ.